ದಿನವೂ ನೀರು ಹಾಕಿದ ಹಾವಸೆ ಸತ್ತದ್ದೇಕೆ?

ಪ್ರಶ್ನೆ: ಕಾಡಿನ ನೆಲದಿಂದ ಮೂರು ಬಗೆಯ ಪಾಚಿ ತಂದು ಮುಚ್ಚಳವಿರುವ ಗಾಜಿನ ಜಾಡಿಯಲ್ಲಿ ಇಟ್ಟಿದ್ದೆ. ಒಂದು ಪುಟ್ಟ ದಿಂಬಿನ ಹಾಗೆ ದುಂಡಗಿತ್ತು, ಇನ್ನೊಂದು ನೆಲಕ್ಕೆ ಅಂಟಿದ ಚಪ್ಪಟೆ ಹಸಿರು ಪಟ್ಟಿ, ಮೂರನೆಯದು ತೀರಾ ಸಣ್ಣ ಜರೀಗಿಡದಂತೆ ಕಾಣುತ್ತಿತ್ತು. ಒಣಗಬಾರದೆಂದು ದಿನವೂ ನೀರು ಚಿಮುಕಿಸಿದೆ. ಮೂರು ವಾರದಲ್ಲಿ ಮೊದಲನೆಯದು ಕಂದಾಯಿತು, ಎರಡನೆಯದು ಲೋಳೆಯಾಯಿತು, ಮೂರನೆಯದು ದಾರದಂತೆ ಉದ್ದಕ್ಕೆ ಎಳೆದುಕೊಂಡಿತು. ತಪ್ಪೆಲ್ಲಿ ಆಯಿತು? ಇವುಗಳ ಗುರುತು ಹಿಡಿಯುವುದು ಹೇಗೆ, ಮಾದರಿಗಳನ್ನು ಕೆಡದಂತೆ ಇಡುವುದು ಹೇಗೆ?

ಉತ್ತರ: ದಿನವೂ ಚಿಮುಕಿಸಿದ ನೀರು ಮತ್ತು ಮುಚ್ಚಿದ ಮುಚ್ಚಳ, ಇವೆರಡೇ ಮುಖ್ಯ ಕಾರಣ, ಜೊತೆಗೆ ಬೆಳಕಿನ ಕೊರತೆ. ಮೂರೂ ಗಿಡ ಬೇರೆ ಬೇರೆ ರೀತಿಯಲ್ಲಿ ಕೆಟ್ಟದ್ದು ಗಮನಿಸಬೇಕಾದ ಸಂಗತಿ. ಅವುಗಳ ಮೈಕಟ್ಟು ಬೇರೆ ಬೇರೆ ಎಂಬುದಕ್ಕೆ ಅದೇ ಸುಳಿವು. ಹಾಗಾಗಿ ಗುರುತು ಹಿಡಿಯುವುದನ್ನೂ ಸಾಕುವುದನ್ನೂ ಒಟ್ಟಿಗೇ ಹೇಳುತ್ತೇನೆ.

ಮೊದಲು ಹೆಸರಿನ ಮಾತು. ಆಡುಮಾತಿನಲ್ಲಿ ಹಸಿರಾಗಿ ಜಾರುವುದೆಲ್ಲ ಪಾಚಿಯೇ. ಆದರೆ ನೀರಿನ ತೊಟ್ಟಿಯಲ್ಲಿ ಕಟ್ಟುವುದು ಶೈವಲ, ಅದಕ್ಕೆ ಕಾಂಡವೂ ಇಲ್ಲ, ಎಲೆಯೂ ಇಲ್ಲ. ನೀವು ತಂದದ್ದು ಹಾವಸೆ ಸಸ್ಯಗಳು. ಇವುಗಳಲ್ಲಿ ಮೂರು ದೊಡ್ಡ ಗುಂಪುಗಳಿವೆ: ನಿಜವಾದ ಹಾವಸೆ ಅಂದರೆ ಮಾಸ್, ಸುಮಾರು 12,000 ಪ್ರಭೇದ, ಲಿವರ್‌ವರ್ಟ್, ಸುಮಾರು 7,000, ಹಾರ್ನ್‌ವರ್ಟ್, 200ರ ಆಸುಪಾಸು. ಕಲ್ಲಿನ ಮೇಲೆ ಬೂದಿಬಣ್ಣಕ್ಕೆ ಹಬ್ಬುವ ಕಲ್ಲುಹೂವು ಈ ಲೆಕ್ಕಕ್ಕೆ ಬರುವುದಿಲ್ಲ, ಅದು ಶಿಲೀಂಧ್ರವೂ ಶೈವಲವೂ ಕೂಡಿ ಆದ ಜೀವಿ. ಅನುಮಾನ ಬಂದರೆ ಉಗುರಿನಿಂದ ಕೆರೆಯಿರಿ. ಕಲ್ಲುಹೂವಾದರೆ ತೆಳು ಹೊರಪದರ ಕಿತ್ತು ಒಳಗೆ ಬಿಳಿ ಹತ್ತಿಯಂಥ ಪದರ ಕಾಣುತ್ತದೆ. ಹಾವಸೆಯಲ್ಲಿ ಅಂಥ ಬಿಳಿ ಪದರ ಇರುವುದಿಲ್ಲ.

ಈಗ ನೀರಿನ ವಿಷಯ. ಈ ಗಿಡಗಳಿಗೆ ಬೇರಿಲ್ಲ. ತಳದಲ್ಲಿರುವ ಕೂದಲಿನಂಥ ರೈಸಾಯ್ಡ್‌ಗಳು ಮುಖ್ಯವಾಗಿ ನೆಲಕ್ಕೆ ಹಿಡಿದುಕೊಳ್ಳಲಿಕ್ಕೆ. ಹೆಚ್ಚಿನ ಹಾವಸೆಗಳ ಎಲೆ ಒಂದೇ ಜೀವಕೋಶದಷ್ಟು ದಪ್ಪ, ಮೇಲೆ ಮೇಣದ ಹೊದಿಕೆ ಇಲ್ಲವೆನ್ನುವಷ್ಟು ತೆಳು. ನೀರು ಎಲೆಯ ಮೈಯಿಂದಲೇ ಒಳಕ್ಕೆ ಹೋಗುತ್ತದೆ, ಗಾಳಿ ಒಣಗಿದಾಗ ಅದೇ ದಾರಿಯಲ್ಲಿ ಹೊರಕ್ಕೆ ಹೋಗುತ್ತದೆ. ಒಣಗಿದ ಹಾವಸೆ ಸತ್ತಿರುವುದಿಲ್ಲ, ಕೆಲಸ ನಿಲ್ಲಿಸಿರುತ್ತದೆ. ಒಣಗಿ ಮುದುರಿದ ಒಂದು ಎಳೆಯನ್ನು ಬಿಳಿ ತಟ್ಟೆಯಲ್ಲಿಟ್ಟು ಒಂದು ಹನಿ ನೀರು ಬಿಟ್ಟು ಲೆನ್ಸ್ ಹಿಡಿದು ನೋಡಿ. ಕಾಂಡಕ್ಕೆ ಸುತ್ತಿಕೊಂಡ ಎಲೆಗಳು ಬುಡದಿಂದ ತುದಿಯವರೆಗೆ ಒಂದೊಂದಾಗಿ ಹೊರಕ್ಕೆ ಮಗುಚಿಕೊಳ್ಳುತ್ತವೆ. ಕೆಲವು ಜಾತಿಗಳಲ್ಲಿ ಅರ್ಧ ನಿಮಿಷವೂ ಬೇಡ.

ಆದರೆ ಹೀಗೆ ಏಳುವುದಕ್ಕೆ ಖರ್ಚಿದೆ. ನೆನೆದ ಕೂಡಲೇ ಜೀವಕೋಶಗಳು ಒಣಗಿದಾಗ ಆದ ಹಾನಿ ಸರಿಪಡಿಸಿಕೊಳ್ಳಲು ಕೂಡಿಟ್ಟ ಸಕ್ಕರೆ ಉರಿಸುತ್ತವೆ. ಆ ಖರ್ಚು ತುಂಬಿ ಲಾಭಕ್ಕೆ ಬರಲು ಬೆಳಕಿನಲ್ಲಿ ಸಾಕಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕು. ತೆರೆದ ಕುಂಡದ ಹಾವಸೆಗೆ ಮಧ್ಯಾಹ್ನ ಎರಡು ಬಾರಿ ನೀರು ಚಿಮುಕಿಸಿ ಅರ್ಧ ಗಂಟೆಯಲ್ಲಿ ಒಣಗಲು ಬಿಟ್ಟರೆ ಪ್ರತಿ ಬಾರಿಯೂ ನಷ್ಟವೇ. ಹೀಗೆ ಅಕ್ಕರೆಯಿಂದ ಕೊಂದ ಹಾವಸೆಗೆ ಲೆಕ್ಕವಿಲ್ಲ. ಇನ್ನೊಂದು ತುದಿ ನಿಮ್ಮ ಜಾಡಿ: ಸದಾ ಒದ್ದೆ, ಒಳಗೆ ಬಿಸಿ, ಬೆಳಕು ಕಡಿಮೆ. ಬಿಸಿ ಏರಿದಂತೆ ಉಸಿರಾಟದ ವೇಗ ಏರುತ್ತದೆ, ಮಂದ ಬೆಳಕಿನಲ್ಲಿ ದ್ಯುತಿಸಂಶ್ಲೇಷಣೆ ಅದಕ್ಕೆ ಸಮ ಬರುವುದಿಲ್ಲ. ಸಾಲದ್ದಕ್ಕೆ ಎಲೆಯ ಮೇಲೆ ನೀರಿನ ಪೊರೆ ನಿಂತಿದ್ದರೆ ಇಂಗಾಲದ ಡೈಆಕ್ಸೈಡ್ ಒಳಕ್ಕೆ ಹೋಗುವುದು ನಿಧಾನ, ಏಕೆಂದರೆ ಗಾಳಿಗಿಂತ ನೀರಿನಲ್ಲಿ ಅದು ಹರಡುವುದು ಸುಮಾರು 10,000 ಪಟ್ಟು ನಿಧಾನ. ಗಿಡ ಕೂಡಿಟ್ಟದ್ದನ್ನು ತಿಂದು ಮುಗಿಸಿ ಕಂದಾಗುತ್ತದೆ. ಒಣಗಿದ್ದಾಗ ಕಲ್ಲಿನ ಕಾವನ್ನೂ ತಡೆಯುವ ಅದೇ ಹಾವಸೆ, ಒದ್ದೆಯಾಗಿದ್ದಾಗ 30 ಡಿಗ್ರಿ ದಾಟಿದ ಜಾಡಿಯಲ್ಲಿ ಕೆಲವೇ ದಿನಗಳಲ್ಲಿ ಸೋಲುತ್ತದೆ.

ಮೊದಲನೆಯದಕ್ಕೆ ಆದದ್ದು ಇದೇ. ದಿಂಬಿನಂತೆ ಬೆಳೆಯುವ ಹಾವಸೆಗಳು ಸಾಮಾನ್ಯವಾಗಿ ನೆಟ್ಟಗೆ, ಒತ್ತೊತ್ತಾಗಿ ಏಳುವ ಕಾಂಡಗಳ ಗುಂಪು. ಬೀಜಾಣುಕೋಶ, ಅಂದರೆ ಹೊಸ ಗಿಡ ಹುಟ್ಟಿಸುವ ಪುಡಿಯಂಥ ಬೀಜಾಣುಗಳ ಪುಟ್ಟ ಡಬ್ಬಿ, ಕಾಂಡದ ತುದಿಯಲ್ಲಿ ಬರುತ್ತದೆ. ನೆಲಕ್ಕೆ ಒರಗಿ ಕವಲೊಡೆದು ಚಾಪೆಯಂತೆ ಹರಡುವವುಗಳಲ್ಲಿ ಅದು ಪಕ್ಕದ ಕಿರುಗವಲಿನಿಂದ ಏಳುತ್ತದೆ. ಹಾವಸೆಗಳನ್ನು ವಿಂಗಡಿಸಲು ಇದು ಮೊದಲ ಕವಲುದಾರಿ, ಸಾಕುವವರಿಗೂ ಉಪಯೋಗದ್ದು: ದಿಂಬಿನವು ನಡುನಡುವೆ ಒಣಗುವುದನ್ನು ಕೇಳುತ್ತವೆ, ಚಾಪೆಯವು ತೇವವನ್ನು ಹೆಚ್ಚು ಸಹಿಸುತ್ತವೆ, ಬೇಗ ಹಬ್ಬುತ್ತವೆ. ನಿಮ್ಮ ದಿಂಬು ಒಣಗಿದಾಗ ಬಿಳಿಚಿ, ನೆನೆದಾಗ ನೀಲಿ ಬೆರೆತ ಹಸಿರಾಗಿ ಕಾಣುತ್ತಿದ್ದರೆ ಅದು ಲ್ಯೂಕೋಬ್ರಿಯಂ ಇರಬಹುದು. ಅದರ ಎಲೆ ಮಾತ್ರ ಹಲವು ಜೀವಕೋಶಗಳಷ್ಟು ದಪ್ಪ. ಹಸಿರು ಜೀವಕೋಶಗಳ ಒಂದು ಪದರವನ್ನು ನೀರು ತುಂಬಿಕೊಳ್ಳುವ ಖಾಲಿ ಜೀವಕೋಶಗಳು ಮೇಲೂ ಕೆಳಗೂ ಮುಚ್ಚಿರುತ್ತವೆ. ಒಮ್ಮೆ ನೆನೆದರೆ ಬಹಳ ಹೊತ್ತು ತೇವ ಹಿಡಿಯುವ ಗಿಡಕ್ಕೆ ದಿನವೂ ನೀರು ಏಕೆ?

ಕಂದಾದದ್ದನ್ನು ಎಸೆಯಬೇಡಿ. ದಿಂಬಿನ ಬುಡ ಯಾವಾಗಲೂ ಕಂದೇ ಇರುತ್ತದೆ, ನೋಡಬೇಕಾದ್ದು ತುದಿ. ಒಂದು ಎಳೆ ಬಿಡಿಸಿ ಒಂದು ದಿನ ನೀರಿನಲ್ಲಿಟ್ಟು ಲೆನ್ಸಿನಲ್ಲಿ ತುದಿಯ ಮೊಗ್ಗು ನೋಡಿ. ಹಸಿರು ಉಳಿದಿದ್ದರೆ ಚೇತರಿಸಿಕೊಳ್ಳುತ್ತದೆ. ತುದಿ ಹೋಗಿದ್ದರೂ ಕಾಂಡದ ಜೀವಕೋಶಗಳಿಂದ ಹೊಸ ಚಿಗುರು ಬರುವುದುಂಟು, ಒಂದೆರಡು ತಿಂಗಳು ಕಾಯಿರಿ. ಕಪ್ಪಾಗಿ, ಹಿಸುಕಿದರೆ ವಾಸನೆ ಬರುವಂತಾಗಿದ್ದರೆ ಮಾತ್ರ ತೆಗೆದುಹಾಕಿ.

ಎರಡನೆಯದು, ಆ ಚಪ್ಪಟೆ ಪಟ್ಟಿ, ಹೆಚ್ಚು ಎಚ್ಚರದಿಂದ ನೋಡಬೇಕಾದ್ದು. ಕಾಂಡ, ಎಲೆ ಎಂಬ ಭೇದವಿಲ್ಲದ ಇಂಥ ಮೈಗೆ ಥ್ಯಾಲಸ್ ಎನ್ನುತ್ತಾರೆ. ಲಿವರ್‌ವರ್ಟ್‌ಗಳಲ್ಲೂ ಇದಿದೆ, ಹಾರ್ನ್‌ವರ್ಟ್‌ಗಳಲ್ಲೂ ಇದಿದೆ, ಜರೀಗಿಡದ ಶೈಶವವೂ ಹೀಗೇ ಇರುತ್ತದೆ. 10 ಪಟ್ಟು ದೊಡ್ಡದು ಮಾಡುವ ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು, ಗಿಡವನ್ನೇ ಲೆನ್ಸಿನ ಹತ್ತಿರಕ್ಕೆ ತನ್ನಿ. ಎರಡೂವರೆ ಸೆಂಟಿಮೀಟರ್ ಅಂತರದಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಮೇಲ್ಮೈಯಲ್ಲಿ ಜೇನುಗೂಡಿನಂಥ ಅಂಕಣಗಳು, ಪ್ರತಿ ಅಂಕಣದ ನಡುವೆ ಒಂದು ಚುಕ್ಕೆಯಂಥ ರಂಧ್ರ ಕಂಡರೆ ಮಾರ್ಕಾಂಷಿಯಾ ಅಥವಾ ಅದರ ನೆಂಟ. ಆ ರಂಧ್ರ ಗಾಳಿ ಆಡಲಿಕ್ಕೆ, ಕೆಳಗೆ ಪುಟ್ಟ ಕೋಣೆಯಿದೆ. ಮೇಲೆ ಬಟ್ಟಲಿನಂಥ ರಚನೆಗಳಿದ್ದು ಅದರೊಳಗೆ ಹಸಿರು ಬಿಲ್ಲೆಗಳು ತುಂಬಿದ್ದರೆ ಮಾರ್ಕಾಂಷಿಯಾ ಎನ್ನಬಹುದು. ಮಳೆಹನಿ ಬಟ್ಟಲಿಗೆ ಬಿದ್ದಾಗ ಬಿಲ್ಲೆಗಳು ಸಿಡಿದು ಹೊರಬಿದ್ದು ಹೊಸ ಗಿಡಗಳಾಗುತ್ತವೆ. ಬಟ್ಟಲು ದುಂಡಗಿರದೆ ಅರ್ಧಚಂದ್ರನಂತಿದ್ದರೆ ಲ್ಯುನುಲೇರಿಯಾ. ಬರಿಗಣ್ಣಿಗೇ ರಂಧ್ರ ಕಾಣುವಷ್ಟು ದೊಡ್ಡ ಅಂಕಣಗಳಿದ್ದು, ಜಜ್ಜಿದರೆ ಘಮ್ಮೆಂದರೆ ಕೋನೋಸೆಫಾಲಮ್.

ಅಂಕಣಗಳಿಲ್ಲದೆ ಮೈ ಜಿಡ್ಡುಜಿಡ್ಡಾಗಿ ಗಾಢ ಹಸಿರಾಗಿದ್ದು, ಬೆಳಕಿಗೆ ಹಿಡಿದರೆ ಒಳಗೆ ಕಪ್ಪು ನೀಲಿ ಚುಕ್ಕೆಗಳು ಕಂಡರೆ ಹಾರ್ನ್‌ವರ್ಟ್ ಇರಬಹುದು. ಚುಕ್ಕೆಗಳು ಗಾಳಿಯ ಸಾರಜನಕ ಹಿಡಿದು ಕೊಡುವ ನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದ ವಸಾಹತುಗಳು. ಹಸಿರು ಕೊಂಬು ಮೂಡಿದರೆ ಅನುಮಾನವೇ ಉಳಿಯುವುದಿಲ್ಲ: ಅದು ಬುಡದಿಂದ ಬೆಳೆಯುತ್ತಲೇ ತುದಿಯಿಂದ ಎರಡು ಸೀಳಾಗಿ ಬಿರಿಯುತ್ತದೆ, ಮೇಲೆ ಬೀಜಾಣು ಉದುರುತ್ತಿದ್ದರೂ ಕೆಳಗಿನ ಭಾಗ ಇನ್ನೂ ಎಳೆಯದು. ಸೂಕ್ಷ್ಮದರ್ಶಕವಿದ್ದರೆ ಜೀವಕೋಶ ನೋಡಿ. ಹೆಚ್ಚಿನ ಹಾರ್ನ್‌ವರ್ಟ್‌ಗಳಲ್ಲಿ ಜೀವಕೋಶಕ್ಕೆ ಒಂದೇ ದೊಡ್ಡ ಹರಿತ್ಕಣ (ಗಿಡಕ್ಕೆ ಹಸಿರು ಕೊಡುವ ಕಣ), ಉಳಿದ ಹಾವಸೆ ಸಸ್ಯಗಳಲ್ಲಿ ಹತ್ತಾರು ಸಣ್ಣವು. ಇನ್ನು ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿ, ಹೃದಯದ ಆಕಾರದಲ್ಲಿ, ಅಂಚು ಗಾಜಿನಷ್ಟು ತೆಳುವಾಗಿದ್ದರೆ ಅದು ಜರೀಗಿಡದ ಪ್ರೋಥಾಲಸ್. ಕೀಳದೆ ಬಿಟ್ಟರೆ ಹೃದಯದ ತಗ್ಗಿನ ಹತ್ತಿರ ಒಂದು ದಿನ ಮೊದಲ ಜರೀ ಎಲೆ ಇಣುಕಿ ತನ್ನ ಹೆಸರು ತಾನೇ ಹೇಳುತ್ತದೆ.

ಇದು ಲೋಳೆಯಾದದ್ದೇಕೆ? ಮಾರ್ಕಾಂಷಿಯಾದಂಥವುಗಳ ಮೇಲ್ಮೈಗೆ ನೀರು ಅಂಟುವುದಿಲ್ಲ. ಅವು ತಳದ ರೈಸಾಯ್ಡ್ ಮತ್ತು ಹುರುಪೆಗಳ ನಡುವಿನ ಸಂದಿಗಳಿಂದ ನೀರು ಎಳೆದುಕೊಳ್ಳುತ್ತವೆ. ರೈಸಾಯ್ಡ್ ಮುಖ್ಯವಾಗಿ ಹಿಡಿದುಕೊಳ್ಳಲಿಕ್ಕೆ ಎಂದು ಮೇಲೆ ಹೇಳಿದ ಮಾತಿಗೆ ಇದೊಂದು ತಿದ್ದುಪಡಿ. ನೀವು ಹಾಕಿದ ನೀರೆಲ್ಲ ಜಾಡಿಯ ತಳಕ್ಕೆ ಇಳಿದು ನಿಂತಿತು, ಮಣ್ಣಿನಲ್ಲಿ ಗಾಳಿ ಮುಗಿಯಿತು, ಗಾಳಿ ಬೇಡದ ಬ್ಯಾಕ್ಟೀರಿಯಾ ಹೆಚ್ಚಿ ತಳದಿಂದಲೇ ಕೊಳೆತು ಬಂತು. ಹಾಗೆಂದು ಇದನ್ನು ದಿಂಬಿನ ಹಾವಸೆಯಂತೆ ಪೂರ್ತಿ ಒಣಗಿಸಲೂ ಆಗದು. ನೀರಿನಂಚಿನ ಚಪ್ಪಟೆ ಲಿವರ್‌ವರ್ಟ್‌ಗಳಲ್ಲಿ ಬಹುಪಾಲು ಪೂರ್ತಿ ಒಣಗಿದರೆ ಮತ್ತೆ ಏಳುವುದಿಲ್ಲ. ಎರಡನ್ನೂ ಒಂದೇ ಜಾಡಿಯಲ್ಲಿ ಇಡಬಾರದು ಎನ್ನುವುದು ಇದಕ್ಕೇ.

ಮೂರನೆಯದರಲ್ಲಿ ಹೆಚ್ಚಿನವರು ಎಡವುತ್ತಾರೆ. ಸಣ್ಣ ಜರೀಗಿಡದಂತೆ ಕಾಣುವುದು ನಾಲ್ಕು ಬಗೆ ಇರಬಹುದು. ಕಾಂಡವನ್ನು ಮೆಲ್ಲಗೆ ಎಳೆದಾಗ ಒಳಗೆ ನಾರಿನಂಥ ಗಟ್ಟಿ ಎಳೆ ಸಿಕ್ಕಿ, ಎಲೆಗಳು ಎರಡು ಗಾತ್ರದಲ್ಲಿ ನಾಲ್ಕು ಸಾಲಾಗಿದ್ದರೆ ಅದು ಸೆಲಾಜಿನೆಲ್ಲಾ, ನೀರು ಸಾಗಿಸುವ ನಾಳಗಳಿರುವ ಗಿಡ, ಹಾವಸೆಯೇ ಅಲ್ಲ. ಗರಿಯ ಮೇಲೆ ಗರಿಯಂತೆ ಎರಡು ಮೂರು ಬಾರಿ ಕವಲೊಡೆದು, ಕಾಂಡದ ಸುತ್ತಲೂ ಸಣ್ಣ ಚೂಪು ಎಲೆಗಳಿದ್ದರೆ ಥೂಯಿಡಿಯಂನಂಥ ಚಾಪೆ ಹಾವಸೆ. ಎಲೆಗಳು ಎರಡೇ ಸಾಲಿನಲ್ಲಿ ಚಪ್ಪಟೆಯಾಗಿ ಹರಡಿದ್ದರೆ ಲಿವರ್‌ವರ್ಟ್ ಎಂದು ಹೇಳುವ ಆಸೆಯಾಗುತ್ತದೆ, ತಡೆಯಿರಿ. ಫಿಸಿಡೆನ್ಸ್ ಎಂಬ ಹಾವಸೆಯೂ ಹಾಗೇ ಇರುತ್ತದೆ. ಅದರ ಒಂದು ಎಲೆ ಕಿತ್ತು ನೋಡಿ: ನಡುವೆ ಸ್ಪಷ್ಟವಾದ ನರ, ಬುಡದಲ್ಲಿ ತೆರೆದ ಪರ್ಸಿನಂತೆ ಎರಡು ಪದರ, ಅದರೊಳಗೆ ಕಾಂಡ ಸಿಕ್ಕಿಕೊಂಡಿರುತ್ತದೆ. ಲಿವರ್‌ವರ್ಟ್ ಎಲೆಗೆ ಇಂಥ ನಡುನರ ಇರುವುದಿಲ್ಲ. ನೆನಪಿರಲಿ, ನರವಿದ್ದರೆ ಹಾವಸೆ ಎನ್ನಬಹುದು, ನರವಿಲ್ಲದಿದ್ದರೆ ಲಿವರ್‌ವರ್ಟ್ ಎನ್ನಲಾಗದು, ಏಕೆಂದರೆ ನರವಿಲ್ಲದ ಹಾವಸೆಗಳೂ ಸಾಕಷ್ಟಿವೆ. ಎಲೆಯ ತುದಿ ಎರಡಾಗಿ ಮೂರಾಗಿ ಸೀಳಿದ್ದರೆ ಮಾತ್ರ ಧೈರ್ಯವಾಗಿ ಲಿವರ್‌ವರ್ಟ್ ಎನ್ನಿ.

ಎಲೆಯಿರುವ ಲಿವರ್‌ವರ್ಟ್ ಸಿಕ್ಕರೆ ಅಡಿಮೇಲು ಮಾಡದೆ ಬಿಡಬೇಡಿ. ಅಡಿಯಲ್ಲಿ ಮೂರನೆಯ ಸಾಲು ಪುಟ್ಟ ಎಲೆಗಳು ಇವೆಯೇ ಎಂದು ನೋಡಿ. ಮೇಲಿನಿಂದ ನೋಡಿದಾಗ ಎಲೆಯ ಮುಂದಿನ ಅಂಚು, ಅಂದರೆ ಕಾಂಡದ ತುದಿಯ ಕಡೆಯದು, ಮುಂದಿನ ಎಲೆಯ ಮೇಲೆ ಕೂತಿದೆಯೇ, ಅದರಡಿ ಅಡಗಿದೆಯೇ ಎಂಬುದನ್ನೂ ಬರೆದುಕೊಳ್ಳಿ. ಹೆಂಚು ಜೋಡಿಸುವ ಈ ಎರಡು ಕ್ರಮಗಳಿಂದಲೇ ಅರ್ಧದಷ್ಟು ಕುಲಗಳು, ಅಂದರೆ ಹತ್ತಿರದ ಪ್ರಭೇದಗಳ ಗುಂಪುಗಳು, ಪಟ್ಟಿಯಿಂದ ಹೊರಬೀಳುತ್ತವೆ. ಪ್ಲ್ಯಾಜಿಯೋಕೈಲಾದಲ್ಲಿ ಮುಂದಿನ ಅಂಚು ಅಡಗಿರುತ್ತದೆ, ಫ್ರುಲೇನಿಯಾದಲ್ಲಿ ಮೇಲಿರುತ್ತದೆ. ಫ್ರುಲೇನಿಯಾದ ಎಲೆಯಡಿ ಶಿರಸ್ತ್ರಾಣದಂಥ ಪುಟ್ಟ ಚೀಲಗಳಿರುತ್ತವೆ. ಅದರಲ್ಲಿ ನೀರು ನಿಲ್ಲುತ್ತದೆ, ಕೆಲವೊಮ್ಮೆ ರೋಟಿಫರ್ ಎಂಬ ಸೂಕ್ಷ್ಮಪ್ರಾಣಿಗಳು ಮನೆ ಮಾಡಿಕೊಂಡಿರುತ್ತವೆ. ಇದನ್ನು ಬರಿಗೈಯಲ್ಲಿ ತುಂಬ ಹೊತ್ತು ಮುಟ್ಟಬೇಡಿ, ಕೆಲವರಿಗೆ ಚರ್ಮ ಕೆಂಪಾಗಿ ತುರಿಕೆ ಬರುತ್ತದೆ.

ಬೀಜಾಣುಕೋಶವಿದ್ದ ದಿನ ಕೆಲಸ ಸುಲಭ. ಹಾವಸೆಯಲ್ಲಿ ಈ ಕೋಶವನ್ನು ಹೊತ್ತ ಕಡ್ಡಿ ಗಟ್ಟಿ, ವಾರಗಟ್ಟಲೆ ನಿಲ್ಲುತ್ತದೆ. ಕೋಶದ ಮುಚ್ಚಳ ಬಿದ್ದ ಮೇಲೆ ಬಾಯಿಯ ಸುತ್ತ ಹಲ್ಲುಗಳ ಉಂಗುರ ಕಾಣುತ್ತದೆ, ಹೆಚ್ಚಾಗಿ 16 ಅಥವಾ ಅದರ ಇಮ್ಮಡಿ. ಉಸಿರು ಊದಿದರೆ ಆ ತೇವಕ್ಕೇ ಹಲ್ಲುಗಳು ಅಲುಗುವುದನ್ನು ಲೆನ್ಸಿನಲ್ಲಿ ನೋಡಬಹುದು. ಎಲೆಯಿರುವ ಲಿವರ್‌ವರ್ಟ್‌ನ ಕಡ್ಡಿ ಗಾಜಿನಂತೆ ಪಾರದರ್ಶಕ, ಕೋಶ ಮಾಗಿದ ಮೇಲೆ ಗಂಟೆಗಳಲ್ಲಿ ಉದ್ದವಾಗಿ, ಕರಿ ಗುಂಡು ನಾಲ್ಕು ಸೀಳಾಗಿ ಬಿರಿದು, ಒಂದೆರಡು ದಿನದಲ್ಲಿ ಬಾಡಿ ಬೀಳುತ್ತದೆ.

ನಿಮ್ಮ ಮೂರನೆಯ ಗಿಡ ದಾರದಂತಾದದ್ದು ಬೆಳಕು ಸಾಲದೆ. ಎಲೆಗಳ ನಡುವಿನ ಅಂತರ ಹೆಚ್ಚಾಗಿ, ಹೊಸ ಎಲೆಗಳು ಚಿಕ್ಕದಾಗಿವೆಯೇ ನೋಡಿ. ಅದು ನೀರಿಗೆ ಸುಖವಾಗಿತ್ತು, ಬೆಳಕು ಹುಡುಕಿಕೊಂಡು ಹೊರಟಿತ್ತು. ಎಳೆದುಕೊಂಡ ಭಾಗ ಮತ್ತೆ ದಟ್ಟವಾಗದು. ಕತ್ತರಿಸಿ ತುಂಡುಗಳನ್ನೇ ಮಣ್ಣಿನ ಮೇಲೆ ಉದುರಿಸಿ, ಬೆಳಕು ಹೆಚ್ಚಿಸಿ.

ಮತ್ತೆ ಜಾಡಿ ಮಾಡುವುದಾದರೆ ಹೀಗೆ ಮಾಡಿ. ಕೈ ಹೋಗುವಷ್ಟು ಅಗಲ ಬಾಯಿಯ 2–3 ಲೀಟರ್ ಜಾಡಿ. ತಳಕ್ಕೆ ತೊಳೆದ ಸಣ್ಣ ಜಲ್ಲಿ 2 ಸೆಂಟಿಮೀಟರ್. ಮೇಲೆ ಎರಡು ಪಾಲು ದಪ್ಪ ಮರಳು, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ 3 ಸೆಂಟಿಮೀಟರ್. ನಾರಿನ ಪುಡಿಯಲ್ಲಿ ಉಪ್ಪಿರುವುದರಿಂದ ಮೊದಲು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಗೊಬ್ಬರ ಬೇಡವೇ ಬೇಡ, ಅದು ಹಾವಸೆಗಿಂತ ಶೈವಲವನ್ನು ಬೆಳೆಸುತ್ತದೆ. ಮಣ್ಣು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿಗಿಂತ ಹೆಚ್ಚು ಬರಬಾರದು. ಹಾವಸೆಯ ಬುಡದ ಹಳೆ ಮಣ್ಣು, ಒಣ ಎಲೆ, ಹುಳ ತೆಗೆದು ಗಟ್ಟಿಯಾಗಿ ಒತ್ತಿ ಕೂರಿಸಿ. ಹಾವಸೆಯ ಬುಡಕ್ಕೂ ಮಣ್ಣಿಗೂ ನಡುವೆ ಗಾಳಿಯ ಸಂದು ಉಳಿದರೆ ಅಲ್ಲಿಂದಲೇ ಕಂದಾಗತೊಡಗುತ್ತದೆ.

ನೀರು ಮಳೆಯದು ಅಥವಾ ಭಟ್ಟಿ ಇಳಿಸಿದ್ದು. ಗಡಸು ನೀರಿನ ಸುಣ್ಣ ಎಲೆಯ ಮೇಲೆ ಬಿಳಿ ಪೊರೆಯಾಗಿ ಉಳಿಯುತ್ತದೆ, ತುದಿಗಳು ಸುಡುತ್ತವೆ. ಯಾವಾಗ ಹಾಕಬೇಕೆಂದು ದಿನ ಎಣಿಸಬೇಡಿ, ಗಾಜನ್ನು ನೋಡಿ. ಬೆಳಿಗ್ಗೆ ಕಟ್ಟಿದ ಮಂಜು ಮಧ್ಯಾಹ್ನದೊಳಗೆ ಕರಗಿದರೆ ಸರಿಯಿದೆ. ಇಡೀ ದಿನ ಹನಿ ನಿಂತಿದ್ದರೆ ಮುಚ್ಚಳ ತೆಗೆದಿಡಿ. ಮಂಜೇ ಕಟ್ಟದೆ ಎಲೆ ಮುದುರತೊಡಗಿದರೆ ಸಂಜೆ ಒಮ್ಮೆ ಚೆನ್ನಾಗಿ ನೆನೆಸಿ. ನೇರ ಬಿಸಿಲು ಗಾಜಿನ ಮೇಲೆ ಒಂದು ಗಂಟೆ ಬಿದ್ದರೂ ಒಳಗೆ ಬೇಯುತ್ತದೆ, ಆದ್ದರಿಂದ ಬೆಳಕಿರುವ ಆದರೆ ಬಿಸಿಲು ಬೀಳದ ಜಾಗ ಅಥವಾ ಒಂದಡಿ ಮೇಲೆ ಎಲ್‌ಇಡಿ ದೀಪ ದಿನಕ್ಕೆ 10–12 ಗಂಟೆ. 25 ಡಿಗ್ರಿಗಿಂತ ಕೆಳಗಿದ್ದರೆ ಉತ್ತಮ. ಮೊದಲ ವಾರಗಳಲ್ಲಿ ಬಿಳಿ ಬೂಷ್ಟು ಬಂದರೆ ಗಾಬರಿ ಬೇಡ. ಅದು ಸತ್ತ ಎಲೆ, ಕಡ್ಡಿಗಳನ್ನು ತಿನ್ನುತ್ತಿರುತ್ತದೆ. ಚಿಮಟದಿಂದ ತೆಗೆದು ಎರಡು ದಿನ ತೆರೆದಿಡಿ.

ಹಾವಸೆಯನ್ನು ಮಜ್ಜಿಗೆಯಲ್ಲಿ ರುಬ್ಬಿ ಬಳಿಯಿರಿ ಎಂಬ ಸಲಹೆ ಎಲ್ಲೆಲ್ಲೂ ತಿರುಗುತ್ತಿದೆ. ಮಜ್ಜಿಗೆಯಿಂದ ಬೆಳೆಯುವುದು ಬೂಷ್ಟು. ಒಣಗಿದ ಹಾವಸೆಯನ್ನು ಅಂಗೈಯಲ್ಲಿ ಉಜ್ಜಿ 2–5 ಮಿಲಿಮೀಟರ್ ಚೂರು ಮಾಡಿ ಸಮತಟ್ಟಾದ ತೇವದ ಮಣ್ಣಿನ ಮೇಲೆ ಉದುರಿಸಿದರೆ ಸಾಕು, ಒಂದೆರಡು ತಿಂಗಳಲ್ಲಿ ಹಸಿರು ನೂಲಿನಂಥ ಹೊದಿಕೆ, ಆಮೇಲೆ ಮೊಗ್ಗು.

ಮಾದರಿಗಳನ್ನು ಇಡುವುದಕ್ಕೆ ಪ್ಲಾಸ್ಟಿಕ್ ಚೀಲ ಬಳಸಬೇಡಿ, ಒಂದೇ ರಾತ್ರಿಯಲ್ಲಿ ಬೆವೆತು ಬೂಷ್ಟು ಹಿಡಿಯುತ್ತದೆ. ಎ4 ಹಾಳೆಯೇ ಸಾಕು: ಉದ್ದಕ್ಕೆ ಹಿಡಿದು ಕೆಳಗಿನ ಮೂರನೇ ಒಂದು ಭಾಗ ಮೇಲಕ್ಕೆ ಮಡಚಿ, ಎರಡೂ ಪಕ್ಕ 3 ಸೆಂಟಿಮೀಟರ್ ಹಿಂದಕ್ಕೆ ಮಡಚಿ, ಮೇಲಿನ ಭಾಗ ಮುಚ್ಚಳದಂತೆ ಇಳಿಸಿ. ಸುಮಾರು 15 × 10 ಸೆಂಟಿಮೀಟರ್ ಲಕೋಟೆಯಾಗುತ್ತದೆ. ದೊಡ್ಡ ಹೂಗಿಡಗಳಂತೆ ಭಾರ ಹೇರಿ ಒತ್ತಬೇಡಿ, ಆಕಾರ ಕೆಡುತ್ತದೆ. ನೆರಳಲ್ಲಿ ತೆರೆದಿಟ್ಟು ಒಣಗಿಸಿ. ಲಕೋಟೆಯ ಮೇಲೆ ದಿನಾಂಕ, ಜಾಗ, ಎತ್ತರ, ಕ್ರಮಸಂಖ್ಯೆ, ಎಲ್ಲಕ್ಕಿಂತ ಮುಖ್ಯವಾಗಿ ಯಾವುದರ ಮೇಲೆ ಬೆಳೆದಿತ್ತು ಎಂಬುದು: ಬಂಡೆಯೋ, ಸುಣ್ಣಕಲ್ಲೋ, ಕೊಳೆತ ದಿಮ್ಮಿಯೋ, ಬದುಕಿರುವ ತೊಗಟೆಯೋ. ‘ನೆಲದ ಮೇಲೆ’ ಎಂದಷ್ಟೇ ಬರೆದರೆ ಆಮೇಲೆ ಹೆಸರು ಹುಡುಕುವವರಿಗೆ ಅರ್ಧ ಸುಳಿವು ಹೋಯಿತು. ಹುಳುಗಳಿಗೆ ವಿಷ ಹಾಕಬೇಕಾಗಿಲ್ಲ. ಪೂರ್ತಿ ಒಣಗಿದ ಲಕೋಟೆಯನ್ನು ಬಿಗಿ ಚೀಲದಲ್ಲಿ −20 ಡಿಗ್ರಿಯಲ್ಲಿ ಒಂದು ವಾರ ಇಟ್ಟು, ಹೊರತೆಗೆದ ಮೇಲೆ ಚಳಿ ಬಿಡುವವರೆಗೆ ಚೀಲ ತೆರೆಯಬೇಡಿ, ಇಲ್ಲವಾದರೆ ಮಾದರಿಯ ಮೇಲೆ ನೀರು ಕೂರುತ್ತದೆ.

ಲಕೋಟೆಯಲ್ಲಿಟ್ಟ ಹಾವಸೆಯನ್ನು ವರ್ಷಗಳ ನಂತರವೂ ಬಿಸಿನೀರಿನಲ್ಲಿ ಎರಡು ನಿಮಿಷ ಇಟ್ಟರೆ ಎಲೆ ಬಿಡಿಸುತ್ತದೆ. ಲಿವರ್‌ವರ್ಟ್‌ಗೆ ಮಾತ್ರ ಅವಸರ ಮಾಡಿ. ಬಹುಪಾಲು ಲಿವರ್‌ವರ್ಟ್‌ಗಳ ಜೀವಕೋಶದಲ್ಲಿ ಹೊಳೆಯುವ ಎಣ್ಣೆಕಾಯಗಳಿರುತ್ತವೆ, ಅವುಗಳ ಸಂಖ್ಯೆ ಮತ್ತು ಆಕಾರ ಗುರುತಿಗೆ ಬೇಕು, ಒಣಗಿದರೆ ಅನೇಕ ಕುಲಗಳಲ್ಲಿ ಮಾಯವಾಗುತ್ತವೆ. ತಂದ ಒಂದೆರಡು ದಿನದೊಳಗೆ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ದೊಡ್ಡದು ಮಾಡಿ ನೋಡಿ ಚಿತ್ರ ತೆಗೆದಿಡಿ. ಹಾವಸೆಯ ಸ್ಲೈಡಿಗೆ ಕಾಂಡದ ತುದಿಯನ್ನು ಒಂದು ಚಿಮಟದಲ್ಲಿ ಹಿಡಿದು ಇನ್ನೊಂದರಿಂದ ಎಲೆಗಳನ್ನು ಬುಡದ ಕಡೆಗೆ ಜಗ್ಗಿ. ಎಲೆಯ ಬುಡದ ಎರಡು ಮೂಲೆಗಳು ಹರಿಯದೆ ಬರಬೇಕು, ಅಲ್ಲಿನ ಜೀವಕೋಶಗಳ ಆಕಾರವೇ ಎಷ್ಟೋ ಕುಲಗಳ ಗುರುತು. ನರ ತುದಿ ಮುಟ್ಟುತ್ತದೆಯೇ, ಅಂಚಿನಲ್ಲಿ ಹಲ್ಲುಗಳಿವೆಯೇ, ಜೀವಕೋಶದ ಮೇಲೆ ಗುಬುಟುಗಳಿವೆಯೇ, ಇಷ್ಟು ಬರೆದುಕೊಂಡರೆ ಕುಲದವರೆಗೆ ಹೋಗಬಹುದು. ಪ್ರಭೇದಕ್ಕೆ ಹೆಚ್ಚಿನ ಸಲ ತಜ್ಞರ ಕಣ್ಣೇ ಬೇಕು, ಚಿತ್ರ ನೋಡಿ ಹೆಸರು ಹೇಳುವ ಆ್ಯಪ್‌ಗಳನ್ನು ಇಲ್ಲಿ ನಂಬಬೇಡಿ.

ಗುರುತಿಗೆ ನಾಣ್ಯದಗಲದ ತುಣುಕು ಸಾಕು, ಅದನ್ನೂ ದೊಡ್ಡ ಹಾಸಿನ ಅಂಚಿನಿಂದ ತೆಗೆಯಿರಿ. ರಕ್ಷಿತ ಕಾಡಿನಲ್ಲಿ ಅನುಮತಿಯಿಲ್ಲದೆ ಅಷ್ಟನ್ನೂ ಮುಟ್ಟುವಂತಿಲ್ಲ. ಕಿತ್ತ ಜಾಗ ತುಂಬಲು ಎಷ್ಟು ಕಾಲ ಬೇಕೆಂದು ತಿಳಿಯಬೇಕಾದರೆ ಹೈಲೊಕೋಮಿಯಂ ಎಂಬ ಹಾವಸೆಯ ಒಂದು ಎಳೆ ನೋಡಿ. ಹಿಂದಿನ ವರ್ಷದ ಗರಿಯ ನಡುವಿನಿಂದ ಈ ವರ್ಷದ ಗರಿ ಮೆಟ್ಟಿಲಿನಂತೆ ಏಳುತ್ತದೆ, ವರ್ಷಕ್ಕೆ ಒಂದೇ ಮೆಟ್ಟಿಲು, ಅದೂ ಎರಡು ಮೂರು ಸೆಂಟಿಮೀಟರ್ ಮಾತ್ರ.